ಬೇಸಗೆಯ ಓದು: ಅಪ್ಪಣೆಯೂ ಆಸ್ವಾದವೂ

ಅಮೆರಿಕ ಸಂಯುಕ್ತ ಸಂಸ್ಥಾನದ ಮಾಧ್ಯಮಿಕ ಶಾಲೆಗಳಲ್ಲಿ, ಎಂದರೆ ಸಾಮಾನ್ಯವಾಗಿ ೬ರಿಂದ ೮ನೆಯ ತರಗತಿಯವರೆಗೆ ೧೧ರಿಂದ ೧೪ ವರ್ಷದ ಮಕ್ಕಳು ಕಲಿಯುವ ಶಾಲೆಗಳಲ್ಲಿ, ಬೇಸಗೆಯ ರಜೆಗೆ ಮುನ್ನ ಮಕ್ಕಳ ಕೈಗೆ ಒಂದು ಕಾಗದವನ್ನು ಕೊಟ್ಟು ಮನೆಗೆ ಕಳುಹಿಸುವ ರೂಢಿ ಅನೇಕ ಕಡೆ ಇದೆ. ರಜೆಯಲ್ಲಿ ಓದಬೇಕಾದ ಪುಸ್ತಕಗಳ ಪಟ್ಟಿ, ಓದಿದ್ದಕ್ಕೆ ಸಾಕ್ಷಿಯಾಗಿ ಬರೆದು ತರಬೇಕಾದ ಟಿಪ್ಪಣಿಯ ಮಾದರಿ, ಶಾಲೆ ಮತ್ತೆ ತೆರೆದ ಮೊದಲ ವಾರಗಳಲ್ಲಿ ನಡೆಯುವ ಪರೀಕ್ಷೆ ಅಥವಾ ಪ್ರಬಂಧದ ಸೂಚನೆ, ಇವು ಆ ಕಾಗದದ ಮುಖ್ಯ ಭಾಗಗಳು. ಕೆಲವು ಶಾಲೆಗಳಲ್ಲಿ ತಾಯಿತಂದೆಗಳ ರುಜುವಿಗೂ ಅದರಲ್ಲಿ ಸ್ಥಳವುಂಟು. ಈ ಕಾಗದವನ್ನು ಒಂದು ಸಾಹಿತ್ಯಕ ದಾಖಲೆಯೆಂದು ಭಾವಿಸಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಇದು ಶಿಕ್ಷಣಶಾಸ್ತ್ರದ ವಿಷಯವಲ್ಲವೆ, ಸಾಹಿತ್ಯವಿಮರ್ಶೆಗೆ ಇಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ವಿಮರ್ಶೆ ಕೃತಿಯನ್ನು ಕುರಿತದ್ದು ಮಾತ್ರವಲ್ಲ, ಓದನ್ನು ಕುರಿತದ್ದೂ ಹೌದು. ಓದೆಂದರೇನು, ಅದನ್ನು ಯಾತಕ್ಕಾಗಿ ಮಾಡಬೇಕು, ಓದಿ ಮುಗಿಸಿದವನಲ್ಲಿ ಏನು ಉಳಿಯಬೇಕು ಎಂಬ ಪ್ರಶ್ನೆಗಳಿಗೆ ನಮ್ಮ ಮೀಮಾಂಸಕರು ಉತ್ತರ ಹುಡುಕಿದ್ದಾರೆ. ಆದರೆ ಬೆಳೆಯುವ ಮಗು ಆ ಉತ್ತರಗಳನ್ನು ಮೀಮಾಂಸೆಯ ಗ್ರಂಥಗಳಿಂದ ಕಲಿಯುವುದಿಲ್ಲ; ಇಂಥ ಕಾಗದಗಳಿಂದ ಕಲಿಯುತ್ತದೆ. ಕಾಲೇಜಿನ ತರಗತಿಗೆ ಬರುವ ಹೊತ್ತಿಗೆ ವಿದ್ಯಾರ್ಥಿಗೆ ಓದಿನ ವಿಷಯದಲ್ಲಿ ಒಂದು ಸಿದ್ಧಾಂತ ಆಗಲೇ ರಕ್ತಗತವಾಗಿರುತ್ತದೆ. ಕೃತಿಯನ್ನು ಮುಟ್ಟದೆ ಅದರ ಸಾರಾಂಶವನ್ನು ಹುಡುಕಿಕೊಂಡು ಹೋಗುವ ವಿದ್ಯಾರ್ಥಿಯನ್ನು ಸೋಮಾರಿಯೆಂದು ಬೈದುಬಿಡುವುದು ಸುಲಭ. ಅವನಿಗೆ ಆ ಸಿದ್ಧಾಂತವನ್ನು ಕಲಿಸಿದವರು ಯಾರು ಎಂದು ಕೇಳುವುದು ಅಷ್ಟು ಸುಲಭವಲ್ಲ.

ಮೊದಲು ಈ ರೂಢಿಯ ಹಿನ್ನೆಲೆಯನ್ನು ನೋಡೋಣ. ಬೇಸಗೆಯ ದೀರ್ಘರಜೆ ಒಕ್ಕಲುತನದಿಂದ ಹುಟ್ಟಿದ್ದು, ಮಕ್ಕಳು ಹೊಲದಲ್ಲಿ ದುಡಿಯಲೆಂದು ಶಾಲೆ ಮುಚ್ಚುತ್ತಿದ್ದರು ಎಂಬ ನಂಬಿಕೆ ಅಮೆರಿಕದಲ್ಲಿ ಪ್ರಚುರವಾಗಿದೆ. ಚರಿತ್ರಕಾರರು ಇದನ್ನು ಒಪ್ಪುವುದಿಲ್ಲ. ಕೆನೆತ್ ಗೋಲ್ಡ್ ೨೦೦೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿರುವಂತೆ, ೧೯ನೆಯ ಶತಮಾನದಲ್ಲಿ ಹಳ್ಳಿಯ ಶಾಲೆಗಳಿಗೆ ಚಳಿಗಾಲದಲ್ಲಿ ಒಂದು, ಬೇಸಗೆಯಲ್ಲಿ ಒಂದು ಅವಧಿಯಿರುತ್ತಿತ್ತು. ಬಿತ್ತನೆ ಕುಯ್ಲುಗಳ ಕಾಲವೇ ಬೇರೆ. ದೊಡ್ಡ ನಗರಗಳ ಶಾಲೆಗಳಾದರೋ ವರ್ಷದ ಬಹುಪಾಲು ತೆರೆದಿರುತ್ತಿದ್ದವು. ಇವೆರಡನ್ನೂ ಒಂದು ಅಚ್ಚಿಗೆ ತರಲು ಹೊರಟ ಸುಧಾರಕರ ಪ್ರಯತ್ನದಿಂದಲೂ, ಸೆಕೆಗಾಲದಲ್ಲಿ ಊರು ಬಿಟ್ಟು ಬೆಟ್ಟಕ್ಕೋ ಕಡಲ ತೀರಕ್ಕೋ ಹೋಗಬಲ್ಲ ನಗರದ ಅನುಕೂಲಸ್ಥರ ಜೀವನಕ್ರಮದಿಂದಲೂ ಇಂದಿನ ಬೇಸಗೆ ರಜೆ ರೂಪುಗೊಂಡಿತು. ಎಂದ ಮೇಲೆ ರಜೆಯೆಂಬುದು ಆರಂಭದಿಂದಲೂ ಎಲ್ಲ ಮಕ್ಕಳಿಗೂ ಒಂದೇ ಅರ್ಥದ ವಸ್ತುವಲ್ಲ. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ.

‘ಬೇಸಗೆಯ ಓದು’ ಎಂಬ ಮಾತಿಗೂ ಒಂದು ಚರಿತ್ರೆಯಿದೆ. ಡೊನ್ನಾ ಹ್ಯಾರಿಂಗ್‌ಟನ್-ಲ್ಯೂಕರ್ ೨೦೧೯ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಅದು ೧೯ನೆಯ ಶತಮಾನದ ಪ್ರಕಾಶಕರು ವಿಹಾರಕ್ಕೆ ಹೋಗುವವರಿಗಾಗಿ ರೂಢಿಗೆ ತಂದ ಮಾತು. ಹಗುರವಾದ ಕಾದಂಬರಿಗಳನ್ನು ಮಾರುವ ಜಾಹೀರಾತಿನ ಮಾತು. ನೀತಿಬೋಧಕರು ಅದನ್ನು ಕಾಲಹರಣವೆಂದು ಹಳಿದದ್ದೂ ಉಂಟು. ಆ ಶತಮಾನದ ಕೊನೆಯ ಹೊತ್ತಿಗೆ ಸಾರ್ವಜನಿಕ ಗ್ರಂಥಾಲಯಗಳು ರಜೆಯಲ್ಲಿ ಮಕ್ಕಳನ್ನು ಪುಸ್ತಕದ ಕಡೆಗೆ ಸೆಳೆಯಲು ಕೂಟಗಳನ್ನು ಏರ್ಪಡಿಸತೊಡಗಿದವು. ಅಲ್ಲಿ ಸೇರುವುದೂ ಬಿಡುವುದೂ ಮಗುವಿನ ಇಷ್ಟ. ಕಟ್ಟಕಡೆಗೆ ಶಾಲೆ ಆ ಮಾತನ್ನು ತೆಗೆದುಕೊಂಡು ಅದಕ್ಕೆ ಅಂಕವನ್ನು ಕಟ್ಟಿತು. ವಿಹಾರಿಯ ವಿನೋದ, ಗ್ರಂಥಾಲಯದ ಆಹ್ವಾನ, ಶಾಲೆಯ ಅಪ್ಪಣೆ: ಒಂದೇ ಹೆಸರು ಮೂರು ಕೈ ದಾಟಿ ಬಂದಿದೆ. ಈಗಿನ ಕಾಗದದಲ್ಲಿ ಮೂರರ ದನಿಯೂ ಬೆರೆತಿರುತ್ತದೆ. ಮೇಲ್ಭಾಗದಲ್ಲಿ ‘ಓದಿನ ಸಂತೋಷ’ವನ್ನು ಕುರಿತ ಒಕ್ಕಣೆಯಿರುತ್ತದೆ, ಕೆಳಭಾಗದಲ್ಲಿ ಕೊಡಬೇಕಾದ ದಿನಾಂಕವೂ ತಪ್ಪಿದರೆ ಕಳೆಯುವ ಅಂಕಗಳೂ ಇರುತ್ತವೆ.

ಇನ್ನು ಕಾಗದದ ಒಳಗನ್ನು ನೋಡಬಹುದು. ಅದರ ಕ್ರಿಯಾಪದಗಳು ಬಹುಮಟ್ಟಿಗೆ ವಿಧ್ಯರ್ಥದವು: ಓದು, ಗುರುತುಹಾಕು, ಬರೆ, ತಂದೊಪ್ಪಿಸು. ಈ ನಾಲ್ಕರಲ್ಲಿ ಮೊದಲನೆಯದು ಇತರರಿಗೆ ಕಾಣಿಸದ ಕ್ರಿಯೆ; ಉಳಿದ ಮೂರು ಕಾಣಿಸುವ ಕ್ರಿಯೆಗಳು. ಅಂಕ ಬೀಳುವುದು ಕಾಣಿಸುವ ಮೂರಕ್ಕೇ. ಟಿಪ್ಪಣಿಯ ಪ್ರಸಿದ್ಧ ಮಾದರಿ ಎರಡು ಅಂಕಣಗಳದು. ಎಡಗಡೆ ಪುಟಸಂಖ್ಯೆಯೊಡನೆ ಪುಸ್ತಕದ ಒಂದು ವಾಕ್ಯ, ಬಲಗಡೆ ಅದರ ಬಗ್ಗೆ ಓದುಗನ ಪ್ರತಿಕ್ರಿಯೆ. ಇಂಥವು ಇಷ್ಟು ಇರತಕ್ಕದ್ದೆಂದು ಎಷ್ಟೋ ವೇಳೆ ಮೊದಲೇ ಗೊತ್ತುಪಡಿಸಿರುತ್ತಾರೆ. ಈ ಮಾದರಿಯ ಹಿಂದಿನ ಆಶಯ ಕೆಟ್ಟದ್ದಲ್ಲ. ಓದುಗ ಪುಸ್ತಕದೊಡನೆ ಸಂವಾದ ನಡೆಸಬೇಕೆಂಬುದು ಒಳ್ಳೆಯ ಆಶಯವೇ. ಆದರೆ ಸಂವಾದ ಇಷ್ಟು ಸಲ ನಡೆಯತಕ್ಕದ್ದೆಂದು ನಿಗದಿಯಾದ ಕೂಡಲೆ ಓದುವ ಕಣ್ಣಿನ ಚಲನೆಯೇ ಬದಲಾಗುತ್ತದೆ. ಕಥೆ ಎಲ್ಲಿಗೆ ಹೋಗುತ್ತದೆಂದು ಕಾಯುವ ಬದಲು, ಎಡಗಡೆಯ ಅಂಕಣಕ್ಕೆ ಒಪ್ಪುವ ವಾಕ್ಯ ಎಲ್ಲಿ ಸಿಕ್ಕೀತೆಂದು ಕಣ್ಣು ಅರಸುತ್ತದೆ. ಎತ್ತಿ ಬರೆಯಲು ಬರುವಂಥದು ಕಥೆಯಲ್ಲಿ ಬಹಳ ಸ್ವಲ್ಪ. ಆತಂಕ, ನಗು, ಹತ್ತು ಪುಟಗಳ ಹಿಂದೆ ಬಿತ್ತಿದ್ದು ಈಗ ಮೊಳೆಯುವ ಬೆರಗು, ಇವನ್ನು ಒಂದು ವಾಕ್ಯದಲ್ಲಿ ಕಿತ್ತು ತೋರಿಸಲಾಗದು. ನೀತಿವಾಕ್ಯದಂಥ ಮಾತುಗಳನ್ನು ಮಾತ್ರ ಕೀಳಬಹುದು. ಹೀಗೆ ಟಿಪ್ಪಣಿಯ ಮಾದರಿಯೇ ಕಥೆಯನ್ನು ಸುಭಾಷಿತಗಳ ಕೋಶವನ್ನಾಗಿ ಮಾಡಿಬಿಡುತ್ತದೆ.

ಅಮೆರಿಕದ ವಿಮರ್ಶಕಿ ಲೂಯೀಸ್ ರೋಸೆನ್‌ಬ್ಲಾಟ್ ೧೯೩೮ರಲ್ಲಿ ಪ್ರಕಟವಾದ ತಮ್ಮ ಮೊದಲ ಮುಖ್ಯ ಗ್ರಂಥದಲ್ಲಿಯೇ ಸಾಹಿತ್ಯಬೋಧನೆಯ ಈ ತೊಡಕನ್ನು ಕೈಗೆತ್ತಿಕೊಂಡಿದ್ದರು. ೧೯೭೮ರ ಗ್ರಂಥದಲ್ಲಿ ಅವರು ಓದಿನ ಎರಡು ಬಗೆಗಳನ್ನು ವಿಂಗಡಿಸಿ ಹೇಳಿದರು. ಓದಿ ಮುಗಿಸಿದ ಮೇಲೆ ಏನನ್ನು ಕೊಂಡೊಯ್ಯಬೇಕೆಂಬುದರ ಮೇಲೆ ಗಮನವಿಟ್ಟ ಓದು ಒಂದು. ಓದುತ್ತಿರುವಾಗ ಏನಾಗುತ್ತಿದೆಯೆಂಬುದರಲ್ಲಿಯೇ ನೆಲೆಸುವ ಓದು ಇನ್ನೊಂದು. ಔಷಧದ ಸೀಸೆಯ ಮೇಲಿನ ಸೂಚನೆಯನ್ನು ಮೊದಲನೆಯ ರೀತಿಯಲ್ಲಿ ಓದಬೇಕು. ಕಾವ್ಯವನ್ನು ಹಾಗೆ ಓದಿದರೆ ಕಾವ್ಯ ಉಂಟಾಗುವುದೇ ಇಲ್ಲ. ನಮ್ಮ ಮೀಮಾಂಸೆಯನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಅಭಿನವಗುಪ್ತನು ರಸಪ್ರತೀತಿಗೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಒಂದು ‘ನಿಜಸುಖಾದಿವಿವಶೀಭಾವ’: ತನ್ನ ಸ್ವಂತ ಸುಖದುಃಖಗಳಿಗೆ ವಶನಾದವನು ಇನ್ನೊಂದರಲ್ಲಿ ಮನಸ್ಸನ್ನು ನಿಲ್ಲಿಸಲಾರ. ತನಗೆ ಬರಬೇಕಾದ ಅಂಕದ ಚಿಂತೆಯಲ್ಲಿರುವ ಹನ್ನೆರಡು ವರ್ಷದ ಹುಡುಗಿ ಆ ವಿಘ್ನಕ್ಕೆ ಒಳಗಾಗಿದ್ದಾಳೆ. ವ್ಯತ್ಯಾಸ ಇಷ್ಟೆ: ಪ್ರೇಕ್ಷಕನು ತನ್ನ ಚಿಂತೆಯನ್ನು ಮನೆಯಿಂದ ಹೊತ್ತು ತರುತ್ತಾನೆಂದು ತಿಳಿದ ಪ್ರಾಚೀನರು ಅದನ್ನು ಕಳೆಯಲೆಂದೇ ಗೀತವಾದ್ಯಾದಿಗಳನ್ನು ನಾಟ್ಯದಲ್ಲಿ ಅಳವಡಿಸಿದರು. ಇಲ್ಲಿಯಾದರೋ ಚಿಂತೆಯನ್ನು ಪುಸ್ತಕದ ಜೊತೆಗೇ ಕಟ್ಟಿ ಕೊಡಲಾಗಿದೆ.

ಈ ಮಾತನ್ನು ಬರಿಯ ತತ್ತ್ವದಲ್ಲಿ ಬಿಡದೆ, ಇಂಥ ಪಟ್ಟಿಗಳಲ್ಲಿ ಆಗಾಗ ಕಾಣಿಸಿಕೊಳ್ಳುವ ಎರಡು ಕೃತಿಗಳನ್ನು ಹಿಡಿದು ಪರೀಕ್ಷಿಸೋಣ. ಮೊದಲನೆಯದು ಲೂಯಿಸ್ ಸ್ಯಾಕರ್ ಬರೆದ ‘ಹೋಲ್ಸ್’, ಎಂದರೆ ‘ಗುಂಡಿಗಳು’. ೧೯೯೮ರಲ್ಲಿ ಪ್ರಕಟವಾಗಿ, ಆ ವರ್ಷದ ನ್ಯಾಷನಲ್ ಬುಕ್ ಅವಾರ್ಡನ್ನೂ ೧೯೯೯ರ ನ್ಯೂಬೆರಿ ಪದಕವನ್ನೂ ಪಡೆದ ಕಾದಂಬರಿ ಇದು. ಮಾಡದ ಕಳ್ಳತನಕ್ಕಾಗಿ ಸ್ಟಾನ್ಲಿ ಯೆಲ್ನಾಟ್ಸ್ ಎಂಬ ಬಡಹುಡುಗ ಟೆಕ್ಸಸ್ಸಿನ ಒಂದು ಶಿಬಿರಕ್ಕೆ ಬರುತ್ತಾನೆ. ಸೆರೆಮನೆಯೋ ಶಿಬಿರವೋ ಎಂದು ನ್ಯಾಯಾಧೀಶ ಕೇಳಿದಾಗ, ಅನುಕೂಲಸ್ಥರ ಮಕ್ಕಳು ಬೇಸಗೆಯಲ್ಲಿ ಹೋಗುವ ಶಿಬಿರವನ್ನು ಎಂದೂ ಕಾಣದ ಆ ಹುಡುಗ ಶಿಬಿರವನ್ನು ಆರಿಸಿಕೊಂಡಿದ್ದಾನೆ. ಹೆಸರಿನಲ್ಲಿ ಸರೋವರವಿದೆ; ಅಲ್ಲಿ ಇರುವುದು ಒಣನೆಲ. ಪ್ರತಿಯೊಬ್ಬ ಹುಡುಗನೂ ದಿನಕ್ಕೊಂದು ಗುಂಡಿ ತೋಡಬೇಕು. ಆಳ ಐದಡಿ, ಅಗಲ ಐದಡಿ, ಗುದ್ದಲಿಯೇ ಅಳತೆಗೋಲು. ಏತಕ್ಕೆಂದರೆ ಶೀಲ ಬೆಳೆಯಲೆಂದು. ನಿಜವಾದ ಕಾರಣ, ಶಿಬಿರದ ಒಡತಿಗೆ ಬೇಕಾದ ಹೂತ ನಿಧಿ. ಈ ಕಾದಂಬರಿಯನ್ನು ಬೇಸಗೆಯ ಕಡ್ಡಾಯದ ಪಟ್ಟಿಯಲ್ಲಿ ಸೇರಿಸುವವರು ತಮ್ಮನ್ನು ತಾವೇ ಕುರಿತ ಒಂದು ವ್ಯಂಗ್ಯವನ್ನು ಮಕ್ಕಳ ಕೈಗೆ ಕೊಡುತ್ತಿದ್ದಾರೆಂಬುದನ್ನು ಗಮನಿಸಿದಂತೆ ತೋರುವುದಿಲ್ಲ. ಅಳತೆ ಗೊತ್ತಾಗಿರುವ ದುಡಿಮೆ, ಹೇಳುವ ಕಾರಣ ಒಂದು, ಇರುವ ಕಾರಣ ಇನ್ನೊಂದು: ಜಾಣ ಮಗುವಿಗೆ ಹೋಲಿಕೆ ಹೊಳೆಯದೆ ಇರದು.

ಹೋಲಿಕೆ ಇನ್ನೂ ಆಳಕ್ಕೆ ಹೋಗುತ್ತದೆ. ಗುಂಡಿಯಲ್ಲಿ ಏನಾದರೂ ವಿಶೇಷ ಸಿಕ್ಕಿ ಒಡತಿಗೆ ಮೆಚ್ಚುಗೆಯಾದರೆ ಆ ದಿನದ ಮಿಕ್ಕ ಕೆಲಸ ಮಾಫಿ. ಸ್ಟಾನ್ಲಿಗೆ ಎರಡು ಅಕ್ಷರ ಕೆತ್ತಿದ ಪುಟ್ಟ ಲೋಹದ ಕೊಳವೆಯೊಂದು ಸಿಗುತ್ತದೆ. ಅವನು ಅದನ್ನು ಗುಂಪಿನ ಮುಂದಾಳು ಹುಡುಗನಿಗೆ ಕೊಡುತ್ತಾನೆ. ಇಡೀ ದಿನದ ಬಿಡುವು ದಕ್ಕಲೆಂದು ಆ ಹುಡುಗ ಅದನ್ನು ಮರುದಿನ ಬೆಳಗ್ಗೆ ತನ್ನ ಗುಂಡಿಯಲ್ಲಿ ಸಿಕ್ಕಿದಂತೆ ತೋರಿಸುತ್ತಾನೆ. ಪರಿಣಾಮವೇನು? ಒಡತಿ ಮುಂದೆ ದಿನಗಟ್ಟಲೆ ತಪ್ಪು ಜಾಗದಲ್ಲಿ ತೋಡಿಸುತ್ತಾಳೆ. ಬಹುಮಾನಕ್ಕಾಗಿ ತೋರಿಸಿದ ಶೋಧ, ಬಹುಮಾನ ಕೊಟ್ಟವರನ್ನೇ ದಾರಿ ತಪ್ಪಿಸುತ್ತದೆ. ಎರಡು ಅಂಕಣಗಳ ಟಿಪ್ಪಣಿಯನ್ನು ಕೈಗೆ ತೆಗೆದುಕೊಳ್ಳುವ ಅಧ್ಯಾಪಕರ ಸ್ಥಿತಿಯೂ ಇದೇ. ಮಗುವಿಗೆ ಯಾವುದು ತಟ್ಟಿತೋ ಅದು ಅಲ್ಲಿ ಬರೆದಿರುವುದಿಲ್ಲ. ಯಾವುದನ್ನು ತೋರಿಸಿದರೆ ಒಪ್ಪಿಗೆಯಾದೀತೋ ಅದು ಬರೆದಿರುತ್ತದೆ. ಅದನ್ನು ನಂಬಿ ಅಧ್ಯಾಪಕರು ವರ್ಷದ ಪಾಠವನ್ನು ಯೋಜಿಸಿದರೆ ಅಗೆಯುವುದು ತಪ್ಪು ಜಾಗದಲ್ಲಿಯೇ.

ಇದೇ ಕಾದಂಬರಿಯಲ್ಲಿ ಓದು ಕಲಿಯುವ ಪ್ರಸಂಗವೊಂದಿದೆ. ಶಿಬಿರದಲ್ಲಿ ಎಲ್ಲರೂ ‘ಸೊನ್ನೆ’ ಎಂಬ ಅರ್ಥದಲ್ಲಿ ಜೀರೋ ಎಂದು ಕರೆಯುವ, ಅಕ್ಷರ ಬಾರದ ಹುಡುಗನೊಬ್ಬನು ಸ್ಟಾನ್ಲಿಯೊಡನೆ ಒಂದು ಒಪ್ಪಂದ ಮಾಡಿಕೊಳ್ಳುತ್ತಾನೆ: ನಾನು ನಿನ್ನ ಗುಂಡಿಯಲ್ಲಿ ಸ್ವಲ್ಪ ತೋಡುತ್ತೇನೆ, ನೀನು ನನಗೆ ಓದು ಕಲಿಸು. ಪಾಠ ಚೆನ್ನಾಗಿಯೇ ಸಾಗುತ್ತದೆ. ಅದು ಮುರಿಯುವುದು ಪರೀಕ್ಷೆಯಿಂದ. ಮೇಲ್ವಿಚಾರಕನು ಎಲ್ಲರೆದುರಿಗೆ ಜೀರೋನನ್ನು ಅಕ್ಷರಗಳ ಮೇಲೆ ಪ್ರಶ್ನೆ ಕೇಳುತ್ತಾನೆ. ಕಲಿಕೆ ಇನ್ನೂ ಅರ್ಧದಲ್ಲಿದ್ದುದರಿಂದ ಹುಡುಗ ಒಂದಕ್ಕೆ ಸರಿಯಾಗಿ ಹೇಳಿ ಇನ್ನೊಂದಕ್ಕೆ ತಪ್ಪುತ್ತಾನೆ. ಮೇಲ್ವಿಚಾರಕ ನಕ್ಕು ಅವನ ಕೈಗೆ ಗುದ್ದಲಿಯನ್ನು ಕೊಡುತ್ತಾನೆ. ಹುಡುಗ ಅದೇ ಗುದ್ದಲಿಯಿಂದ ಅವನಿಗೆ ಹೊಡೆದು ಮರಳುಗಾಡಿನತ್ತ ಓಡಿಹೋಗುತ್ತಾನೆ. ಕಥೆಯ ಕೊನೆಯಲ್ಲಿ ನಿಧಿಯ ಪೆಟ್ಟಿಗೆ ಯಾರದೆಂಬ ವ್ಯಾಜ್ಯ ಬಂದಾಗ, ಅದರ ಮೇಲಿನ ಹೆಸರನ್ನು ಗುರುತಿಸಿ ಹೇಳುವವನು ಅವನೇ. ಗೆಳೆಯನಿಂದ ಕಲಿತ ಓದು ಗೆಳೆಯನನ್ನು ಕಾಪಾಡುತ್ತದೆ. ಓದು ಎಲ್ಲಿ ಬೆಳೆಯಿತು, ಎಲ್ಲಿ ಮುರಿಯಿತು ಎಂಬುದನ್ನು ಲೇಖಕನು ಉಪದೇಶವಿಲ್ಲದೆ ತೋರಿಸಿದ್ದಾನೆ. ಅಂಥ ಕೃತಿಯ ಬಗ್ಗೆ ‘ಮುಖ್ಯ ಪಾತ್ರಗಳನ್ನು ಹೆಸರಿಸು, ಸಂಘರ್ಷವನ್ನು ಗುರುತಿಸು’ ಎಂಬ ಪ್ರಶ್ನೆಗಳನ್ನು ಕೇಳಿ ಅಂಕ ಹಾಕುವುದು ಆ ಮೇಲ್ವಿಚಾರಕನ ಸಾಲಿಗೆ ನಾವೇ ಹೋಗಿ ಸೇರಿದಂತೆ.

ಎರಡನೆಯ ಕೃತಿ ಮಿಲ್ಡ್ರೆಡ್ ಟೇಲರ್ ಅವರ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’. ೧೯೭೬ರಲ್ಲಿ ಪ್ರಕಟವಾದ ಈ ಕಾದಂಬರಿಗೆ ೧೯೭೭ರ ನ್ಯೂಬೆರಿ ಪದಕ ದೊರೆಯಿತು. ಕಥೆ ನಡೆಯುವುದು ೧೯೩೩ರ ಸುಮಾರಿನ ಮಿಸಿಸಿಪಿಯಲ್ಲಿ, ನೆಲವುಳ್ಳ ಒಂದು ಕರಿಯರ ಮನೆತನದಲ್ಲಿ. ರಜೆಯ ಅರ್ಥ ಎಲ್ಲ ಮಕ್ಕಳಿಗೂ ಒಂದೇ ಅಲ್ಲವೆಂದು ಮೇಲೆ ಹೇಳಿದೆವು. ಈ ಕಥೆಯ ಮಕ್ಕಳ ಶಾಲೆ ಅಕ್ಟೋಬರಿನಲ್ಲಿ ತೆರೆದು, ಹತ್ತಿ ಬಿತ್ತುವ ಕಾಲಕ್ಕೆ ಮಾರ್ಚಿಯಲ್ಲಿ ಮುಚ್ಚುತ್ತದೆ. ಬಿಳಿಯರ ಶಾಲೆ ಅವರಿಗಿಂತ ಮೊದಲೇ ತೆರೆದಿರುತ್ತದೆ. ಶಾಲೆಯ ಮೊದಲ ದಿನ ಆರು ವರ್ಷದ ಹುಡುಗನಿಗೆ ಒಂದು ಪುಸ್ತಕ ಕೊಡುತ್ತಾರೆ. ಪುಸ್ತಕಕ್ಕಾಗಿ ಹಂಬಲಿಸಿ ಬಂದ ಹುಡುಗ ಅವನು. ಅದು ಕೊಳಕಾಗಿದೆ, ಹರಿದಿದೆ. ರಟ್ಟಿನ ಒಳಬದಿಯಲ್ಲಿ ಒಂದು ಕೋಷ್ಟಕವಿದೆ: ಪುಸ್ತಕವನ್ನು ಯಾವಾಗ, ಎಂಥ ಸ್ಥಿತಿಯಲ್ಲಿ, ಯಾವ ಜನಾಂಗದ ಮಗುವಿಗೆ ಕೊಡಲಾಯಿತು ಎಂದು. ಮೊದಲ ಹನ್ನೊಂದು ಸಾಲುಗಳು ಬಿಳಿಯ ಮಕ್ಕಳವು. ಪುಸ್ತಕ ತೀರ ಹಾಳಾದ ಮೇಲಿನ ಹನ್ನೆರಡನೆಯ ಸಾಲು ಇವನ ಜನಾಂಗದ್ದು, ಅದೂ ಹೀನಾಯದ ಮಾತಿನಲ್ಲಿ. ಹುಡುಗ ಪುಸ್ತಕವನ್ನು ನೆಲಕ್ಕೆಸೆದು ತುಳಿಯುತ್ತಾನೆ, ಏಟು ತಿನ್ನುತ್ತಾನೆ. ಅದೇ ಶಾಲೆಯಲ್ಲಿ ಪಾಠ ಹೇಳುವ ಅವನ ತಾಯಿ ಬೈಯುವುದಿಲ್ಲ. ಆ ಕೋಷ್ಟಕದ ಮೇಲೆ ಕಾಗದ ಅಂಟಿಸುತ್ತಾಳೆ. ಪಠ್ಯದಲ್ಲಿಲ್ಲದ ಗುಲಾಮಗಿರಿಯ ಚರಿತ್ರೆಯನ್ನು ಕಲಿಸಿದ್ದಕ್ಕಾಗಿ ಮುಂದೆ ಅವಳ ಕೆಲಸ ಹೋಗುತ್ತದೆ.

ಈ ಪ್ರಸಂಗ ನಮಗೆ ಕಲಿಸುವುದೇನೆಂದರೆ, ಪುಸ್ತಕವನ್ನು ಮಗುವಿಗೆ ಕೊಡುವ ರೀತಿಯೂ ಆ ಪುಸ್ತಕದ ಪಾಠದ ಒಂದು ಭಾಗ. ಮಗು ಮೊದಲು ಓದುವುದು ಕಥೆಯನ್ನಲ್ಲ, ಕೋಷ್ಟಕವನ್ನು. ‘ಇದನ್ನು ನಿನಗೆ ಕೊಟ್ಟವರು ನಿನ್ನನ್ನು ಯಾರೆಂದು ತಿಳಿದಿದ್ದಾರೆ’ ಎಂಬ ಸಂಗತಿ ಅದರಲ್ಲಿರುತ್ತದೆ. ಇಂದಿನ ಬೇಸಗೆಯ ಕಾಗದದಲ್ಲಿ ಜನಾಂಗದ ಅಂಕಣವಿಲ್ಲ, ಅದು ದೊಡ್ಡ ವ್ಯತ್ಯಾಸವೇ. ಆದರೂ ಎಷ್ಟೋ ಪಟ್ಟಿಗಳು ಪುಸ್ತಕದ ಹೆಸರನ್ನು ಕೊಡುತ್ತವೆಯೇ ಹೊರತು ಪುಸ್ತಕವನ್ನು ಕೊಡುವುದಿಲ್ಲ. ಮನೆಯಲ್ಲಿ ಕಪಾಟಿರುವ, ಕೊಳ್ಳಲು ಹಣವಿರುವ, ಗ್ರಂಥಾಲಯಕ್ಕೆ ಕರೆದೊಯ್ಯಲು ಬಿಡುವಿರುವ ಹಿರಿಯರುಳ್ಳ ಮಗುವನ್ನೇ ಆ ಪಟ್ಟಿ ತನ್ನ ಓದುಗನೆಂದು ಭಾವಿಸಿದೆ. ಉಳಿದ ಮಗು ಆ ಕಾಗದವನ್ನು ಹಿಡಿದು ಮನೆಗೆ ಬರುವಾಗ, ಇದು ತನ್ನನ್ನು ಉದ್ದೇಶಿಸಿ ಬರೆದದ್ದಲ್ಲವೆಂದು ಯಾರೂ ಹೇಳದೆಯೇ ತಿಳಿದುಕೊಳ್ಳುತ್ತದೆ. ರಜೆ ಮುಗಿದ ಮೇಲೆ ನಡೆಯುವ ಪರೀಕ್ಷೆ, ಓದಿದವರನ್ನೂ ಓದದವರನ್ನೂ ವಿಂಗಡಿಸುತ್ತದೆಂಬುದು ಹೊರಗಣ ಮಾತು. ಪುಸ್ತಕ ಸಿಕ್ಕಿದವರನ್ನೂ ಸಿಗದವರನ್ನೂ ಅದು ಎಷ್ಟೋ ವೇಳೆ ವಿಂಗಡಿಸುತ್ತದೆ.

ಇಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿ ಕೇಳಬೇಕು. ಅಪ್ಪಣೆಯಿಲ್ಲದಿದ್ದರೆ ಓದುವ ಮಕ್ಕಳು ಮಾತ್ರ ಓದುತ್ತಾರೆ, ಓದದವರು ಎರಡು ತಿಂಗಳಿಗೂ ಮಿಕ್ಕಿ ಪುಸ್ತಕ ಮುಟ್ಟದೆ ಹಿಂದೆ ಬೀಳುತ್ತಾರೆ ಎಂಬುದು ಅಧ್ಯಾಪಕರ ವಾದ. ಇದಕ್ಕೆ ಆಧಾರಗಳಿಲ್ಲದೆ ಇಲ್ಲ. ೧೯೭೮ರಲ್ಲಿ ಬಾರ್ಬರಾ ಹೈನ್ಸ್ ಅಟ್ಲಾಂಟ ನಗರದ ೬ ಮತ್ತು ೭ನೆಯ ತರಗತಿಯ ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸಗೆಯ ಕಲಿಕೆಯೊಡನೆ ಅತ್ಯಂತ ಸ್ಥಿರವಾದ ಸಂಬಂಧವುಳ್ಳ ಚಟುವಟಿಕೆ ಓದು ಎಂದು ಕಂಡುಬಂತು. ೧೯೯೬ರಲ್ಲಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ರಜೆಯಲ್ಲಿ ಸರಾಸರಿ ಸುಮಾರು ಒಂದು ತಿಂಗಳ ಕಲಿಕೆಯಷ್ಟು ನಷ್ಟವಾಗುತ್ತದೆಂದೂ, ಓದಿನ ವಿಷಯದಲ್ಲಿ ಬಡಮಕ್ಕಳಿಗೇ ನಷ್ಟ ಹೆಚ್ಚೆಂದೂ ಹೇಳಿದರು. ಈ ಅಂತರ ಅಷ್ಟು ನಿಶ್ಚಿತವೇ ಎಂಬ ಸಂಶಯವೂ ಈಚೆಗೆ ಎದ್ದಿದೆ. ಹಳೆಯ ಪರೀಕ್ಷೆಗಳ ಅಳತೆಯಲ್ಲಿಯೇ ದೋಷವಿದ್ದು ಅಂತರ ಹಿಗ್ಗಿ ತೋರಿತೆಂದು ಪಾಲ್ ವಾನ್ ಹಿಪ್ಪೆಲ್ ೨೦೧೯ರಲ್ಲಿ ವಾದಿಸಿದರು. ಆದ್ದರಿಂದ ನಷ್ಟದ ಭಯವೊಂದನ್ನೇ ತಳಹದಿಯನ್ನಾಗಿ ಮಾಡಿಕೊಂಡು ಅಪ್ಪಣೆಯನ್ನು ಸಮರ್ಥಿಸುವುದು ಕ್ಷೇಮವಲ್ಲ.

ನಷ್ಟದ ಲೆಕ್ಕ ಏನೇ ಇರಲಿ, ಈ ಅಧ್ಯಯನಗಳು ಓದು ಹೇಗೆ ಉಂಟಾಗುತ್ತದೆಂಬುದರ ಬಗ್ಗೆ ಹೇಳುವ ಮಾತು ವಿಚಾರಾರ್ಹವಾದದ್ದು. ಹೈನ್ಸ್ ಅವರ ಅಧ್ಯಯನದಲ್ಲಿ, ಬೇಸಗೆಯ ಕಲಿಕೆಗೆ ಸಾರ್ವಜನಿಕ ಗ್ರಂಥಾಲಯದಷ್ಟು ನೆರವಾದ ಸಾರ್ವಜನಿಕ ಸಂಸ್ಥೆ ಇನ್ನೊಂದಿರಲಿಲ್ಲ. ಮಗು ಅದನ್ನು ಬಳಸುವುದೋ ಇಲ್ಲವೋ ಎಂಬುದನ್ನು ನಿರ್ಧರಿಸಿದವುಗಳಲ್ಲಿ ಮನೆಯಿಂದ ಅದಕ್ಕಿದ್ದ ದೂರವೂ ಒಂದು. ರಿಚರ್ಡ್ ಆಲಿಂಗ್ಟನ್, ಆ್ಯನ್ ಮೆಕ್‌ಗಿಲ್-ಫ್ರಾಂಜೆನ್ ಮತ್ತು ಸಂಗಡಿಗರು ೨೦೧೦ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಬಡತನ ಹೆಚ್ಚಾಗಿರುವ ೧೭ ಶಾಲೆಗಳ ೮೫೨ ಮಕ್ಕಳಿಗೆ ಮೂರು ಬೇಸಗೆಗಳಲ್ಲಿ ಅವರವರೇ ಆರಿಸಿಕೊಂಡ ಪುಸ್ತಕಗಳನ್ನು ಸ್ವಂತಕ್ಕೆ ಕೊಟ್ಟರು. ಪುಸ್ತಕ ಪಡೆಯದ ಮಕ್ಕಳಿಗಿಂತ ಇವರ ಓದು ಮುಂದುವರಿದಿತ್ತು. ಕಡುಬಡವರ ಮಕ್ಕಳಲ್ಲಿ ಪ್ರಯೋಜನ ಇನ್ನೂ ಹೆಚ್ಚಾಗಿತ್ತು. ಈ ಮಕ್ಕಳು ಮಾಧ್ಯಮಿಕ ಶಾಲೆಯವರಿಗಿಂತ ಚಿಕ್ಕವರೆಂಬುದನ್ನು ಮರೆಯಲಾಗದು. ಆದರೂ ದಿಕ್ಕು ಸ್ಪಷ್ಟವಾಗಿದೆ. ಇದಕ್ಕೆ ಒಂದು ತಿದ್ದುಪಡಿ ಜೇಮ್ಸ್ ಕಿಮ್ ಮತ್ತು ಥಾಮಸ್ ವೈಟ್ ಅವರ ೨೦೦೮ರ ಪ್ರಯೋಗದಿಂದ ದೊರೆಯುತ್ತದೆ. ಬರಿಯ ಪುಸ್ತಕ ಪಡೆದ ಮಕ್ಕಳಲ್ಲಿ ಎದ್ದುಕಾಣುವ ಪ್ರಯೋಜನವಾಗಲಿಲ್ಲ. ರಜೆಗೆ ಮುನ್ನ ಅಧ್ಯಾಪಕರು ಓದುವ ಬಗೆಯನ್ನು ಹೇಳಿಕೊಟ್ಟು, ಮನೆಯವರ ಮುಂದೆ ಗಟ್ಟಿಯಾಗಿ ಓದುವ ಏರ್ಪಾಡನ್ನೂ ಮಾಡಿದ ಮಕ್ಕಳಲ್ಲಿ ಆಯಿತು.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಮಗುವಿನ ಕೈಯಲ್ಲಿ ಪುಸ್ತಕ, ಅದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ, ಓದಿಗೆ ಒಬ್ಬ ಜೊತೆಗಾರ, ಈ ಮೂರು ಫಲ ಕೊಟ್ಟಿರುವಂತೆ ತೋರುತ್ತದೆ. ಇವು ಮೂರೂ ದೊಡ್ಡವರು ಮಾಡಬೇಕಾದ ಕೆಲಸಗಳು. ಕಾಗದದ ಮೇಲೆ ಮಗುವಿಗೆ ವಿಧಿಸಿರುವ ಕೆಲಸಗಳಾದ ಟಿಪ್ಪಣಿ, ರುಜು, ಪರೀಕ್ಷೆ ಈ ಮೂರರಲ್ಲಿ ಸೇರಿಲ್ಲ. ನಮ್ಮ ಮುಖ್ಯವಾದ ಆಕ್ಷೇಪ ಇದೇ. ಬೇಸಗೆಯ ಓದಿನಲ್ಲಿ ವಿಧಿಯಿರುವುದು ತಪ್ಪಲ್ಲ; ಆ ವಿಧಿ ತಪ್ಪು ವ್ಯಕ್ತಿಯ ತಲೆಯ ಮೇಲೆ ಬಿದ್ದಿದೆ. ವಿಧಿಗೊಳಗಾಗಬೇಕಾದದ್ದು ಶಾಲೆ. ಪುಸ್ತಕವನ್ನು ಒದಗಿಸುವುದು, ಆಯ್ಕೆಯನ್ನು ನಿಜವಾದ ಆಯ್ಕೆಯನ್ನಾಗಿ ಮಾಡುವುದು, ಮಾತಿಗೆ ಜನರನ್ನು ಒದಗಿಸುವುದು ಶಾಲೆಯ ಬೇಸಗೆಯ ಕೆಲಸ. ಅದನ್ನು ಮಾಡದೆ ಮಗುವಿನಿಂದ ಸಾಕ್ಷಿ ಕೇಳುವುದು, ಬಿತ್ತದೆ ಕಣ ಮಾಡಿ ರಾಶಿಗೆ ಕಾದು ಕುಳಿತಂತೆ.

ಹೀಗೆಂದ ಮಾತ್ರಕ್ಕೆ ಎಲ್ಲರೂ ಓದತಕ್ಕ ಒಂದು ಪುಸ್ತಕವೇ ಬೇಡವೆಂದು ನಾವು ಹೇಳುತ್ತಿಲ್ಲ. ಇಷ್ಟವಾದದ್ದನ್ನೇ ಓದುತ್ತ ಹೋದ ಮಗು ತನಗೆ ಏನು ಇಷ್ಟವಾಗಬಹುದಿತ್ತೆಂಬುದನ್ನು ತಿಳಿಯದೆ ಉಳಿಯುವುದುಂಟು. ತಾನಾಗಿ ಎಂದೂ ಎತ್ತಿಕೊಳ್ಳದ ಪುಸ್ತಕವನ್ನು ಹಿರಿಯರೊಬ್ಬರು ಕೈಗಿತ್ತದ್ದರಿಂದಲೇ ಬದುಕಿನ ದಿಕ್ಕು ಬದಲಾದವರೂ ಇದ್ದಾರೆ. ಮೂವತ್ತು ಮಕ್ಕಳು ಒಂದೇ ಕಥೆಯನ್ನು ಓದಿ ಬಂದರೆ ತರಗತಿಗೆ ಮೊದಲ ದಿನವೇ ಒಂದು ಸಾಮಾನ್ಯ ಪ್ರಪಂಚ ದೊರೆಯುತ್ತದೆ. ಅದು ಸಣ್ಣ ಲಾಭವಲ್ಲ. ಆದರೆ ಆ ಪ್ರಪಂಚಕ್ಕೆ ಬಾಗಿಲು ಪರೀಕ್ಷೆಯಾಗಬಾರದು. ಮೊದಲ ವಾರವನ್ನು ಪರೀಕ್ಷೆಗೆ ಕೊಡುವ ಬದಲು ಮಾತಿಗೆ ಕೊಟ್ಟರೆ, ಪುಸ್ತಕವನ್ನು ಅರ್ಧ ಓದಿದ ಮಗುವೂ ಉಳಿದರ್ಧಕ್ಕೆ ಆಸೆಪಟ್ಟೀತು. ಪುಸ್ತಕ ಹಿಡಿಸಲಿಲ್ಲವೆಂದು ಹೇಳುವ ಹಕ್ಕೂ ಮಗುವಿಗಿರಬೇಕು. ಕಾರಣ ಕೊಟ್ಟು ಒಲ್ಲೆನೆನ್ನುವುದು ವಿಮರ್ಶೆಯ ಮೊದಲ ಹೆಜ್ಜೆ. ಎರಡು ಅಂಕಣಗಳ ಟಿಪ್ಪಣಿಯಲ್ಲಿ ಅದಕ್ಕೆ ಎಡೆಯಿರುವುದು ಅಪರೂಪ.

ಈ ವಿಚಾರ ನಮ್ಮ ಓದುಗರಿಗೂ ಕೇವಲ ದೂರದ್ದಲ್ಲ. ಕರ್ನಾಟಕದಲ್ಲಿ ಏಪ್ರಿಲ್ ಮೇ ತಿಂಗಳ ರಜೆಯ ಕೆಲಸವೆಂದರೆ ಬಹುಮಟ್ಟಿಗೆ ಕಾಪಿ ಬರೆಯುವುದು, ಮಗ್ಗಿ ಬರೆಯುವುದು, ಪಠ್ಯದ ಪ್ರಶ್ನೋತ್ತರ ಬರೆಯುವುದು. ಕಥೆಯ ಪುಸ್ತಕ ಅದರಲ್ಲಿ ಸೇರುವುದು ಕಡಿಮೆ. ಮಕ್ಕಳ ಪುಸ್ತಕ ನಮ್ಮಲ್ಲಿ ಇಲ್ಲವೆನ್ನಲಾಗದು. ಶಿವರಾಮ ಕಾರಂತರ ‘ಬಾಲಪ್ರಪಂಚ’ದಿಂದ ಹಿಡಿದು ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದ ‘ಭಾರತ ಭಾರತಿ ಪುಸ್ತಕ ಸಂಪದ’ದ ೫೧೦ ಕಿರುಹೊತ್ತಗೆಗಳವರೆಗೆ ಒಂದು ಪರಂಪರೆಯೇ ಇದೆ. ೨೦೨೦ರಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಗ್ರಾಮಪಂಚಾಯತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ಕಾರ್ಯಕ್ರಮವೂ ಆರಂಭವಾಯಿತು. ಎಂದಾದರೊಂದು ದಿನ ನಮ್ಮ ಶಾಲೆಗಳೂ ಬೇಸಗೆಯ ಪಟ್ಟಿಯನ್ನು ಸಿದ್ಧಪಡಿಸಿದರೆ ನಾವು ಸಂತೋಷಪಡುತ್ತೇವೆ. ಆಗ ಅಮೆರಿಕದ ಕಾಗದದ ಮೇಲ್ಭಾಗವನ್ನು ತೆಗೆದುಕೊಂಡು ಕೆಳಭಾಗವನ್ನು ಅಲ್ಲಿಯೇ ಬಿಡುವ ವಿವೇಕ ಬೇಕು.

ನಮ್ಮ ಕಾಲೇಜುಗಳಲ್ಲಿ ಇಂದು ಸಾಹಿತ್ಯವನ್ನು ಓದುತ್ತಿರುವವರಲ್ಲಿ ಅನೇಕರು ನಾಳೆ ಶಾಲೆಗಳಲ್ಲಿ ಅಧ್ಯಾಪಕರಾಗುವವರು. ರಸ, ಔಚಿತ್ಯ, ಸಹೃದಯ ಎಂಬ ಮಾತುಗಳನ್ನು ಅವರು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದಾರೆ. ಸಹೃದಯನೆಂಬವನು ಹುಟ್ಟುವುದು ಕಾಲೇಜಿನಲ್ಲಲ್ಲ, ಹನ್ನೆರಡನೆಯ ವಯಸ್ಸಿನ ಒಂದು ರಜೆಯ ಮಧ್ಯಾಹ್ನದಲ್ಲಿ ಎಂಬುದನ್ನು ಅವರು ನೆನಪಿನಲ್ಲಿಟ್ಟುಕೊಂಡು, ಮಗುವಿನ ಕೈಗೆ ಪಟ್ಟಿಯನ್ನು ಕೊಡುವ ಮೊದಲು ಪುಸ್ತಕವನ್ನು ಕೊಟ್ಟರೆ, ಆ ಬಾಯಿಪಾಠ ವ್ಯರ್ಥವಾಗಲಿಲ್ಲವೆಂದು ನಾವು ತಿಳಿಯುತ್ತೇವೆ.